ತಾನಾಗೇ ತೆರೆಯುವ ಗೇಟು

ನಮ್ಮ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಹಿರಿಯರು ಹೇಳ್ತಾರೆ. ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಗೆ ಇಳಿದಾಗೆಲ್ಲ ನನಗೆ ಒಂದೇ ಯೋಚನೆ. ಕಲ್ಯಾಣ ಚಾಲುಕ್ಯರ ಕಾಲದ ಆ ಮೆಟ್ಟಿಲುಗಳನ್ನ ಕಟ್ಟಿದವರ ಲೆಕ್ಕ, ಡ್ರಾಯಿಂಗ್ ಯಾವುದೂ ನಮ್ಮ ಕೈಗೆ ಬಂದಿಲ್ಲ. ಕೆಲಸ ಉಳಿದಿದೆ, ಮಾಡಿದ ವಿಧಾನ ಹೋಗಿಬಿಟ್ಟಿದೆ.

ಹಾಗೆ ಹೋಗದಂತೆ ನೋಡಿಕೊಂಡ ಒಬ್ಬ ಎಂಜಿನಿಯರ್ ನಮ್ಮಲ್ಲಿದ್ರು. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕ್ತೀವಿ. ಆದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಲ್ಲಿ ಒಂದು ಪೇಟೆಂಟ್ ಇತ್ತು ಅಂತ ನನಗೆ ಗೊತ್ತಾಗಿದ್ದು ಎರಡನೇ ವರ್ಷಕ್ಕೆ ಬಂದ ಮೇಲೆ!

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಬೆಂಗಳೂರಲ್ಲಿ ಮನೆಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ರು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಬಾಂಬೆ ಪಿಡಬ್ಲ್ಯುಡಿ ಸೇರಿದ್ರು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಒಂದು ಸಮಸ್ಯೆ ಇತ್ತು. ಮಳೆಗಾಲದಲ್ಲಿ ಹೆಚ್ಚಿನ ನೀರು ಕೋಡಿ ಹರಿದು ಹೋಗ್ತಿತ್ತು, ಬೇಸಿಗೆಯಲ್ಲಿ ಅದೇ ನೀರು ಬೇಕಾಗ್ತಿತ್ತು. ಅಣೆಕಟ್ಟು ಎತ್ತರ ಮಾಡೋದು ಅಂದ್ರೆ ದೊಡ್ಡ ಖರ್ಚು. ವಿಶ್ವೇಶ್ವರಯ್ಯ ಕೋಡಿಯ ಮೇಲೆ ಗೇಟುಗಳನ್ನ ಕೂರಿಸಿದ್ರು. ನೀರು ಗೊತ್ತುಮಾಡಿದ ಮಟ್ಟಕ್ಕೆ ಬರೋವರೆಗೂ ಗೇಟು ಮುಚ್ಚಿರುತ್ತೆ, ಅದನ್ನ ದಾಟಿದ್ರೆ ತಾನಾಗೇ ತೆರೆಯುತ್ತೆ, ಪ್ರವಾಹ ಇಳಿದ್ರೆ ತಾನೇ ಮುಚ್ಚುತ್ತೆ. ಮೋಟಾರ್ ಇಲ್ಲ, ಸೆನ್ಸರ್ ಇಲ್ಲ. ಇದು 1903ರ ಮಾತು. ಇದಕ್ಕೆ ಅವರು ಪೇಟೆಂಟ್ ತಗೊಂಡ್ರು. ಮುಂದೆ ಅದೇ ವಿಧಾನ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೆಆರ್‌ಎಸ್‌ಗೂ ಬಂತು. ಆದ್ರೆ ಸರ್ಕಾರಿ ಕೆಲಸದಲ್ಲಿದ್ದು ಮಾಡಿದ್ದು ಅಂತ ರಾಯಲ್ಟಿ ಮಾತ್ರ ಮುಟ್ಟಲಿಲ್ಲ.

ದುಡ್ಡು ಬೇಡ ಅಂದ್ರೆ ಪೇಟೆಂಟ್ ಯಾಕೆ ಅಂತ ನಾನೂ ಕೇಳಿಕೊಂಡೆ. ಪೇಟೆಂಟ್ ಅಂದ್ರೆ ಗುಟ್ಟು ಅಂದ್ಕೊಂಡಿದ್ದೆ. ನಿಜ ಅಂದ್ರೆ ಅದು ಉಲ್ಟಾ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಚಿತ್ರ ಸಮೇತ ಎಲ್ಲರಿಗೂ ಕಾಣುವಂತೆ ಬರೆದುಕೊಡಬೇಕು. ಅದಕ್ಕೆ ಬದಲಾಗಿ ಕೆಲವು ವರ್ಷ ಹಕ್ಕು ಸಿಗುತ್ತೆ, ಈಗ ಭಾರತದಲ್ಲಿ 20 ವರ್ಷ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು.

1912ರಲ್ಲಿ ಅವರು ಮೈಸೂರಿನ ದಿವಾನರಾದ್ರು. 1914ರಲ್ಲಿ ಮಹಾಯುದ್ಧ ಶುರುವಾಗಿ, ಎಣ್ಣೆ ತೆಗೆಯೋಕೆ ಜರ್ಮನಿಗೆ ಹೋಗ್ತಿದ್ದ ನಮ್ಮ ಶ್ರೀಗಂಧ ಇಲ್ಲೇ ರಾಶಿ ಬಿತ್ತು. ಆಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅನ್ನೋ ಪ್ರೊಫೆಸರ್‌ಗಳು ಗಂಧದೆಣ್ಣೆ ತೆಗೆಯೋ ವಿಧಾನ ಸಿದ್ಧ ಮಾಡಿದ್ರು. ಲ್ಯಾಬಿನಲ್ಲಿ ಆಗಿದ್ದು ಲ್ಯಾಬಿನಲ್ಲೇ ಉಳೀಲಿಲ್ಲ. 1916ರಲ್ಲೇ ಬೆಂಗಳೂರಲ್ಲಿ ಸರ್ಕಾರದ ಎಣ್ಣೆ ಕಾರ್ಖಾನೆ ಶುರುವಾಯ್ತು. ಸೋಪಿನ ವಿದ್ಯೆ ಕಲಿಯೋಕೆ ಎಸ್.ಜಿ. ಶಾಸ್ತ್ರಿ ಅವರನ್ನ ಇಂಗ್ಲೆಂಡಿಗೆ ಕಳಿಸಿದ್ರು. ನಮ್ಮ ಹಾಸ್ಟೆಲ್ ಬಕೆಟ್‌ನಲ್ಲಿರೋ ಮೈಸೂರ್ ಸ್ಯಾಂಡಲ್ ಸೋಪಿನ ಕಥೆ ಇದೇ. ಇವತ್ತು ಟೆಕ್ನಾಲಜಿ ಟ್ರಾನ್ಸ್‌ಫರ್ ಅಂತ ಸೆಮಿನಾರ್ ಮಾಡ್ತೀವಲ್ಲ, ಅದು ಇದೇ ಅಲ್ವಾ?

ಕೆಲಸಕ್ಕೆ ಕೈಗಳೂ ಬೇಕು ಅಂತ 1917ರಲ್ಲಿ ಬೆಂಗಳೂರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಸಿದ್ರು, ಅದೇ ಇವತ್ತಿನ ಯುವಿಸಿಇ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಕಣ್ಣು ಮುಚ್ಚಿದ್ರು.

ಈಗ ನಮ್ಮ ವಿಷಯಕ್ಕೆ ಬರೋಣ. ಫೈನಲ್ ಇಯರ್ ಪ್ರಾಜೆಕ್ಟ್ ಮಾರ್ಕ್ಸ್ ಬಂದ ಮರುದಿನ ಕಪಾಟು ಸೇರುತ್ತೆ. ರಿಪೋರ್ಟ್‌ಗೆ ಚಿನ್ನದ ಅಕ್ಷರ, ಒಳಗಿನ ಮಾಡೆಲ್‌ಗೆ ಧೂಳು. ನಿಜವಾಗಲೂ ಹೊಸದು ಮಾಡಿದ್ರೆ ಎಕ್ಸಿಬಿಷನ್‌ನಲ್ಲಿ ತೋರಿಸೋಕೆ ಮೊದಲೇ ಪೇಟೆಂಟ್ ಅರ್ಜಿ ಹಾಕಬೇಕು, ಮೊದಲೇ ಬಹಿರಂಗ ಆದ್ರೆ ಹಕ್ಕು ಕೈತಪ್ಪಬಹುದು. ಇದನ್ನ ಸೀನಿಯರ್ಸ್ ನಮಗೆ ಹೇಳಿರಲಿಲ್ಲ, ಅದಕ್ಕೇ ಜೂನಿಯರ್ಸ್‌ಗೆ ನಾನು ಹೇಳ್ತಿದ್ದೀನಿ. ಈ ಸಲ ಸೆಪ್ಟೆಂಬರ್ 15ಕ್ಕೆ ಹಾರ ಹಾಕಿದ ಮೇಲೆ ಆ ಕಪಾಟನ್ನ ಒಮ್ಮೆ ತೆಗೆದು ನೋಡೋಣ.