ಬೋರ್ಡ್ ಇಳಿಸಿದ ಎಲಿಜಬೆತ್

1941ರಲ್ಲಿ ಎಲಿಜಬೆತ್ ಪೆರಾಟ್ರೋವಿಚ್ ಗಂಡ ರಾಯ್ ಮತ್ತು ಮಕ್ಕಳ ಜೊತೆ ಅಲಾಸ್ಕಾದ ರಾಜಧಾನಿ ಜೂನೋಗೆ ಬಂದರು. ಇಷ್ಟವಾದ ಮನೆ ಬಾಡಿಗೆಗೆ ಸಿಗಲಿಲ್ಲ. ಮೂಲನಿವಾಸಿಗಳು ಅಂತ ಗೊತ್ತಾದ ಕೂಡಲೇ ಮಾಲೀಕರು ಇಲ್ಲ ಅಂದುಬಿಟ್ಟರು. ಹೋಟೆಲುಗಳ ಬಾಗಿಲಲ್ಲೂ ಮೂಲನಿವಾಸಿಗಳಿಗೆ ಪ್ರವೇಶವಿಲ್ಲ ಅನ್ನೋ ಬೋರ್ಡು. ಆ ನೆಲ ಅವರದ್ದೇ, ನೆನಪಿರಲಿ.

ಆಗ್ನೇಯ ಅಲಾಸ್ಕಾದ ಮಳೆಕಾಡು, ಸಾಲ್ಮನ್ ಮೀನಿನ ಹೊಳೆಗಳು ಟ್ಲಿಂಗಿಟ್ ಜನರ ತವರು. ಅವರಲ್ಲಿ ಎರಡು ಪಂಗಡ: ಕಾಗೆ ಮತ್ತು ಹದ್ದು. ಮಗು ತಾಯಿಯ ಕುಲಕ್ಕೆ ಸೇರುತ್ತೆ, ಮದುವೆ ಎದುರು ಪಂಗಡದಲ್ಲಿ. ಲಾಂಛನ, ಹಾಡು, ಕಥೆಗಳೂ ಕುಲದ ಆಸ್ತಿ. ಇನ್ನೊಬ್ಬರ ಕಥೆಯನ್ನು ಕೇಳದೆ ಹೇಳೋ ಹಾಗಿಲ್ಲ. ನಮಗೆ ಕಾಗೆ ಅಂದ್ರೆ ಪಿಂಡ ನೆನಪಾಗುತ್ತೆ, ಅವರ ಕಥೆಗಳಲ್ಲಿ ಕಾಗೆ ಲೋಕಕ್ಕೆ ಬೆಳಕು ಕದ್ದು ತಂದವನು. 1911ರ ಜುಲೈ 4ರಂದು ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಎಲಿಜಬೆತ್ ಕಾಗೆ ಪಂಗಡದವರು. ಟ್ಲಿಂಗಿಟ್ ದಂಪತಿ ದತ್ತು ತೆಗೆದುಕೊಂಡು ಸಾಕಿದರು.

ಒಂದು ಮುಜುಗರದ ಸಂಗತಿ ಹೇಳಲೇಬೇಕು. 1912ರಲ್ಲಿ ಹುಟ್ಟಿದ ಅಲಾಸ್ಕಾ ನೇಟಿವ್ ಬ್ರದರ್‌ಹುಡ್ ಹಕ್ಕಿಗಾಗಿ ಹೋರಾಡಿತು, ಆದರೆ ಮೊದಲ ದಿನಗಳಲ್ಲಿ ಇಂಗ್ಲಿಷಿಗೆ ಒತ್ತು ಕೊಟ್ಟು ಹಳೆ ಪದ್ಧತಿ ಬಿಡಿ ಅಂತಲೂ ಹೇಳಿತು. ಪೌರತ್ವಕ್ಕೆ ತೆತ್ತ ಬೆಲೆ ಅದು. ನನಗದು ನುಂಗಲಾಗದ ತುತ್ತು, ಆದರೆ ಅವತ್ತು ಅವರ ಮುಂದೆ ಇದ್ದ ದಾರಿಗಳೇ ಕಡಿಮೆ. ಅದರ ಮಹಿಳಾ ಸಂಘಟನೆಗೆ ಎಲಿಜಬೆತ್ ಅಧ್ಯಕ್ಷೆಯಾದರು.

ಆ ವರ್ಷದ ಡಿಸೆಂಬರ್ 30ರಂದು ಗಂಡ ಹೆಂಡತಿ ಗವರ್ನರ್ ಅರ್ನೆಸ್ಟ್ ಗ್ರೂನಿಂಗ್‌ಗೆ ಪತ್ರ ಬರೆದರು. ಪರ್ಲ್ ಹಾರ್ಬರ್ ದಾಳಿಯಾಗಿ ಇನ್ನೂ ತಿಂಗಳಾಗಿರಲಿಲ್ಲ. ತೆರಿಗೆ ಕಟ್ಟೋಕೆ, ಯುದ್ಧಕ್ಕೆ ಹೋಗೋಕೆ ನಮ್ಮ ಹುಡುಗರು ಬೇಕು, ಹೋಟೆಲಿಗೆ ಮಾತ್ರ ಬೇಡವೇ ಅನ್ನೋದು ಅದರ ತಿರುಳು. 1943ರಲ್ಲಿ ಭೇದಭಾವ ನಿಷೇಧ ಮಸೂದೆ ಕೆಳಮನೆಯಲ್ಲಿ 8-8 ಸಮಬಲವಾಗಿ ಬಿದ್ದುಹೋಯ್ತು. ಅವರು ಭಾಷಣ ಮಾಡ್ತಾ ಕೂರಲಿಲ್ಲ. ಮರುವರ್ಷದ ಚುನಾವಣೆಯಲ್ಲಿ ಆಂಡ್ರ್ಯೂ ಹೋಪ್ ಮತ್ತು ರಾಯ್ ಅಣ್ಣ ಫ್ರ್ಯಾಂಕ್ ಗೆದ್ದು ಶಾಸನಸಭೆಗೆ ಹೋದರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ.

1945ರ ಫೆಬ್ರವರಿ 5ರಂದು ಸೆನೆಟ್ ಚರ್ಚೆ. ಅಲೆನ್ ಶಟಕ್ ಎಂಬ ಸೆನೆಟರ್, ಐದು ಸಾವಿರ ವರ್ಷಗಳ ನಾಗರಿಕತೆ ಇರೋ ಬಿಳಿಯರ ಜೊತೆ ಈಗಷ್ಟೇ ಕಾಡಿನಿಂದ ಬಂದವರು ಬೆರೆಯೋದೇಕೆ ಅಂತ ಕೇಳಿದ. 33ರ ಎಲಿಜಬೆತ್ ಎದ್ದುನಿಂತರು. ಕಾಡಿನಿಂದ ಬಂದ ನಾನು ನಾಗರಿಕರಿಗೆ ಅವರದೇ ಹಕ್ಕುಪತ್ರವನ್ನು ನೆನಪಿಸಬೇಕಾಗಿ ಬಂತಲ್ಲ ಅನ್ನೋ ಅರ್ಥದ ಮಾತಾಡಿದರು. ಕಾನೂನಿನಿಂದ ಭೇದಭಾವ ನಿಲ್ಲುತ್ತಾ ಅಂತ ಪ್ರಶ್ನೆ ಬಂತು. ಕಳ್ಳತನಕ್ಕೂ ಕೊಲೆಗೂ ಕಾನೂನಿದೆ, ಅವು ನಿಂತಿವೆಯೇ ಅಂತ ತಿರುಗಿ ಕೇಳಿದರು. ಮಸೂದೆ 11-5ರಲ್ಲಿ ಗೆದ್ದಿತು. ಫೆಬ್ರವರಿ 16ರಂದು ಗ್ರೂನಿಂಗ್ ಸಹಿ ಹಾಕಿದರು. ತಪ್ಪಿದವರಿಗೆ 250 ಡಾಲರ್‌ವರೆಗೆ ದಂಡ, 30 ದಿನಗಳವರೆಗೆ ಜೈಲು, ಅಥವಾ ಎರಡೂ. ಇಡೀ ಅಮೆರಿಕಕ್ಕೆ ನಾಗರಿಕ ಹಕ್ಕು ಕಾಯ್ದೆ ಬರೋಕೆ ಇನ್ನೂ 19 ವರ್ಷ ಇತ್ತು.

ಅವತ್ತು ರಾತ್ರಿ ಇಬ್ಬರೂ ಬರನಾಫ್ ಹೋಟೆಲಿನಲ್ಲಿ ಕುಣಿದರಂತೆ. 1804ರಲ್ಲಿ ಸಿಟ್ಕಾದಲ್ಲಿ ಟ್ಲಿಂಗಿಟ್ಟರ ಮೇಲೆ ಯುದ್ಧ ಮಾಡಿದ ರಷ್ಯನ್ ಬರನಾಫ್‌ನ ಹೆಸರಿನ ಹೋಟೆಲು!

1958ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ಎಲಿಜಬೆತ್ ತೀರಿಕೊಂಡರು, ವಯಸ್ಸು 47. ಫೆಬ್ರವರಿ 16 ಈಗ ಅಲಾಸ್ಕಾದಲ್ಲಿ ಅವರ ಹೆಸರಿನ ದಿನ. 2020ರ ಒಂದು ಡಾಲರ್ ನಾಣ್ಯದಲ್ಲಿ ಅವರ ಮುಖವಿದೆ, ಜೊತೆಗೆ ಟ್ಲಿಂಗಿಟ್ ಶೈಲಿಯಲ್ಲಿ ಕೆತ್ತಿದ ಕಾಗೆಯೂ ಇದೆ.