ಸರ್ ರಾಬರ್ಟ್ ಮೆಕ್ಯಾರಿಸನ್ (1878–1960): ಜೀವನ ಮತ್ತು ಪೋಷಣಾ ಸಂಶೋಧನೆ

ಪ್ರಸ್ತಾವನೆ

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಜನರ ನಿತ್ಯದ ಊಟದಲ್ಲಿ ಜೋಳದ ರೊಟ್ಟಿಗೆ ಮೊದಲ ಸ್ಥಾನವಿದೆ. ರೊಟ್ಟಿಯ ಜೊತೆಗೆ ಬೇಳೆಕಾಳು, ಸೊಪ್ಪು, ಹಾಲು-ಮೊಸರು ಏಕೆ ಇರಬೇಕೆಂಬುದನ್ನು ತಿಳಿಯಲು ಭಾರತದಲ್ಲಿ ಪೋಷಣಾ ಸಂಶೋಧನೆಗೆ ಅಡಿಪಾಯ ಹಾಕಿದ ವೈದ್ಯರೊಬ್ಬರ ಜೀವನವು ನೆರವಾಗುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಆರಂಭಿಕ ಜೀವನ

ರಾಬರ್ಟ್ ಮೆಕ್ಯಾರಿಸನ್ ಅವರು 1878ರಲ್ಲಿ ಐರ್ಲೆಂಡಿನ ಪೋರ್ಟಡೌನ್ ಎಂಬಲ್ಲಿ ಜನಿಸಿದರು. 1900ರಲ್ಲಿ ವೈದ್ಯಕೀಯ ಪದವಿ ಪಡೆದು, ಮರುವರ್ಷ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. ವಾಯವ್ಯ ಗಡಿಯ ಚಿತ್ರಾಲ್‌ನಲ್ಲಿಯೂ, ನಂತರ ಗಿಲ್ಗಿಟ್‌ನಲ್ಲಿಯೂ ಕಾರ್ಯ ನಿರ್ವಹಿಸಿದರು. ಗಿಲ್ಗಿಟ್ ಪ್ರದೇಶದಲ್ಲಿ ಗಳಗಂಡ ರೋಗ ವ್ಯಾಪಕವಾಗಿತ್ತು. ಅದರ ಕಾರಣವನ್ನು ಅರಿಯಲು ಅವರು ಕಲುಷಿತ ನೀರಿನ ಗಸಿಯನ್ನು ಸ್ವತಃ ಕುಡಿದು ಪರೀಕ್ಷಿಸಿದರು. ಗಳಗಂಡಕ್ಕೆ ಅಯೋಡಿನ್ ಕೊರತೆಯೇ ಮುಖ್ಯ ಕಾರಣವೆಂಬುದು ಇಂದು ದೃಢಪಟ್ಟಿದೆ.

ಚಿಕಿತ್ಸೆಯಿಂದ ಆಹಾರದ ಕಡೆಗೆ

ರೋಗ ಬಂದ ಮೇಲೆ ಮದ್ದು ನೀಡುವುದಕ್ಕಿಂತ ರೋಗಕ್ಕೆ ಎಡೆಗೊಡುವ ಆಹಾರದೋಷವನ್ನು ಅರಿಯುವುದು ಅವರ ಮುಖ್ಯ ಕಾರ್ಯವಾಯಿತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಅವರು ಪಾರಿವಾಳ, ಇಲಿ ಹಾಗೂ ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಕೊರತೆಯ ಆಹಾರವು ನರಗಳನ್ನಷ್ಟೇ ಅಲ್ಲದೆ ಹೊಟ್ಟೆ, ಕರುಳು ಮತ್ತು ಗ್ರಂಥಿಗಳನ್ನೂ ಕೆಡಿಸುತ್ತದೆಂದು ತೋರಿಸಿದರು. ಈ ವಿಷಯದ ಗ್ರಂಥ 1921ರಲ್ಲಿ ಪ್ರಕಟವಾಯಿತು.

1923ರಲ್ಲಿ ಸರ್ಕಾರವು ಮಿತವ್ಯಯದ ಕಾರಣದಿಂದ ಈ ಸಂಶೋಧನೆಯನ್ನು ನಿಲ್ಲಿಸಿತು. 1925ರಲ್ಲಿ ಅದು ಪುನಃ ಆರಂಭಗೊಂಡು, ಮುಂದೆ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು.

ಕನ್ನಡಿಗರ ಊಟದ ಪರೀಕ್ಷೆ

1920ರ ದಶಕದ ಉತ್ತರಾರ್ಧದಲ್ಲಿ ಅವರು ಒಂದೇ ವಯಸ್ಸಿನ ಎಳೆಯ ಇಲಿಗಳನ್ನು 7 ಗುಂಪುಗಳಾಗಿ ವಿಂಗಡಿಸಿ, ಸಿಖ್, ಪಠಾಣ, ಮರಾಠ, ಗೂರ್ಖಾ, ಕನ್ನಡ, ಬಂಗಾಳಿ ಮತ್ತು ಮದರಾಸಿ ಪದ್ಧತಿಯ ಊಟವನ್ನು ನೀಡಿದರು. ಕೊನೆಯಲ್ಲಿ ಸಿಖ್ ಪದ್ಧತಿಯ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ, ಕನ್ನಡಿಗರ ಪದ್ಧತಿಯದು 185 ಗ್ರಾಂ, ಮದರಾಸಿ ಪದ್ಧತಿಯದು 155 ಗ್ರಾಂ ಇತ್ತು. ಕನ್ನಡಿಗರ ಊಟಕ್ಕೆ 5ನೇ ಸ್ಥಾನ ದೊರೆಯಿತು.

ಇದು ಜನಾಂಗಗಳ ಹೆಚ್ಚುಗಾರಿಕೆಯ ಅಳತೆಯಲ್ಲ, ತಟ್ಟೆಯಲ್ಲಿದ್ದ ಆಹಾರದ ಅಳತೆ. ಸಿಖ್ ಊಟದಲ್ಲಿ ಹೊಟ್ಟು ತೆಗೆಯದ ಗೋಧಿ, ಹಾಲು ಮತ್ತು ಹಾಲಿನ ಪದಾರ್ಥಗಳು, ಬೇಳೆ ಹಾಗೂ ತಾಜಾ ತರಕಾರಿ ಇದ್ದವು. ಮದರಾಸಿ ಊಟದಲ್ಲಿ ಅಕ್ಕಿಯೇ ಪ್ರಧಾನವಾಗಿತ್ತು.

ಗೌರವ ಮತ್ತು ನಿವೃತ್ತಿ

1928ರಲ್ಲಿ ಅವರು ಶಾಲೆಗಳಿಗಾಗಿ ಆಹಾರದ ಕುರಿತು ಸರಳ ಪುಸ್ತಕವೊಂದನ್ನು ಪ್ರಕಟಿಸಿದರು. 1933ರಲ್ಲಿ ಸರ್ ಪದವಿಗೆ ಪಾತ್ರರಾಗಿ, 1935ರಲ್ಲಿ ನಿವೃತ್ತರಾದರು. ಪ್ರಕೃತಿ ಆಹಾರದ ಪ್ರತಿಪಾದಕರು ಅನೇಕ ದೇಶಗಳಲ್ಲಿ ಅವರ ಸಂಶೋಧನೆಯನ್ನು ಆಧಾರವಾಗಿ ಸ್ವೀಕರಿಸಿದರು. 1960ರಲ್ಲಿ ಅವರು ನಿಧನರಾದರು.

ಮುಂದುವರಿದ ಕಾರ್ಯ

ಕೂನೂರಿನ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ದಖ್ಖನ್ ಪ್ರಸ್ಥಭೂಮಿಯಲ್ಲಿ ಬಹುತೇಕ ಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಚರ್ಮ, ಜಠರ ಮತ್ತು ನರಗಳನ್ನು ಬಾಧಿಸುವ ಪೆಲ್ಲಾಗ್ರ ರೋಗ ಕಾಣಿಸಿಕೊಳ್ಳುವುದನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಇದೇ ಸಂಸ್ಥೆಯಲ್ಲಿ ಅಧ್ಯಯನ ಮಾಡಿದರು. ಧಾನ್ಯ ಎಷ್ಟೇ ಉತ್ತಮವಾಗಿದ್ದರೂ ಅದೊಂದೇ ಸಾಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಸಾರ್ವಜನಿಕರ ಗಮನಕ್ಕೆ

ಜೋಳದ ರೊಟ್ಟಿಯೊಂದಿಗೆ ಕಾಳಿನ ಪಲ್ಯ, ಮೆಂತ್ಯೆ ಮುಂತಾದ ಸೊಪ್ಪು, ಶೇಂಗಾ ಚಟ್ನಿ ಹಾಗೂ ಹಾಲು, ಮೊಸರು ಅಥವಾ ಮಜ್ಜಿಗೆಯನ್ನು ಸೇವಿಸುವುದು ಹಿತಕರ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸತಕ್ಕದ್ದು. ಉತ್ತಮ ಆಹಾರವು ರೋಗ ತಡೆಯಲು ಸಹಾಯಕವೇ ಹೊರತು ಚಿಕಿತ್ಸೆಗೆ ಬದಲಿಯಲ್ಲ. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳ ಪಾಲಕರು ಪೌಷ್ಟಿಕ ಆಹಾರದ ಬಗ್ಗೆ ಸಮೀಪದ ಅಂಗನವಾಡಿ ಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.