ಸರ್ ಎಂ. ವಿಶ್ವೇಶ್ವರಯ್ಯನವರ ವಿಶ್ರಾಂತಿ ವೇತನ

ಕನ್ನಂಬಾಡಿಯ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು ಇವುಗಳ ಮಾತು ಬಂದಲ್ಲೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಸ್ಮರಣೆ ಬಾರದಿರದು. ಆ ಮಹನೀಯರ ಜೀವಿತದಲ್ಲಿ ಅಷ್ಟಾಗಿ ಪ್ರಸ್ತಾಪಕ್ಕೆ ಬಾರದ ಸಂಗತಿಯೊಂದುಂಟು. ಉದ್ಯೋಗವನ್ನು ಕಳೆದುಕೊಂಡವರ ಸಂಕಟವನ್ನು ಕುರಿತು ಯೋಚಿಸತಕ್ಕವರು ಅದನ್ನು ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಯೋಗ್ಯತೆಯಲ್ಲಿ ಯಾರಿಗೂ ಕಡಮೆಯಿಲ್ಲದಿದ್ದರೂ, ಆ ಇಲಾಖೆಯ ಅತ್ಯುಚ್ಚ ಪದವಿಯು ಭಾರತೀಯನಿಗೆ ದೊರೆಯುವ ಕಾಲವಲ್ಲವೆಂದು ಕಂಡು 1908ರಲ್ಲಿ ತಾವಾಗಿಯೇ ನಿವೃತ್ತರಾದರು. ವಿಶ್ರಾಂತಿ ವೇತನಕ್ಕೆ 25 ವರ್ಷಗಳ ಸೇವೆ ಆವಶ್ಯಕವಾಗಿತ್ತು. ಅವರಿಗೆ ಅಷ್ಟು ತುಂಬಿರಲಿಲ್ಲ. ಆದರೂ ಅವರ ಸೇವೆಯ ಹಿರಿಮೆಯನ್ನು ಮನ್ನಿಸಿ ಸರಕಾರದವರು ವೇತನವನ್ನು ಮಂಜೂರು ಮಾಡಿದರು.

ಮುಂದಿನ ಕಥೆ ಎಲ್ಲರೂ ಬಲ್ಲದ್ದೇ. ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದಿಗೆ ನೆರವಾಗಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ದುಡಿದರು. ಅನಂತರ 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ಹೊತ್ತರು. ದೇಶದ ನಿರುದ್ಯೋಗವನ್ನು ಕುರಿತೇ 1932ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ 1962ರಲ್ಲಿ ಕೀರ್ತಿಶೇಷರಾದರು.

ಅವರಿಗೆ ನಿಯಮವನ್ನು ಸಡಿಲಿಸಿದುದು ನ್ಯಾಯವೇ ಆಯಿತು. ಆದರೆ ಅದು ಅನುಗ್ರಹವೇ ಹೊರತು ಹಕ್ಕಲ್ಲ. ಕೀರ್ತಿವಂತನಿಗೆ ಅನುಗ್ರಹವು ತಾನಾಗಿ ಒದಗುತ್ತದೆ. ಹೆಸರಿಲ್ಲದ ಕೂಲಿಕಾರನಿಗೆ ಕಾನೂನೊಂದೇ ಗತಿ. ಅವರು ಆಡಳಿತ ನಡೆಸಿದ, ಮುಂದೆ ಅವರ ಹೆಸರನ್ನೇ ತಾಳಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ನಿಶ್ಚಯವಾದಾಗ, ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಮೊರೆಯಿಡಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಕೆಲವು ಕೆಲಸಗಳು ಮತ್ತೆ ಆರಂಭವಾದವು. ನಡುವಣ ತಿಂಗಳುಗಳಲ್ಲಿ ಅವರ ಮನೆಯ ಒಲೆ ಹೇಗೆ ಉರಿಯಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು.

ಇಂತಹವರ ಸಲುವಾಗಿ ನಮ್ಮ ದೇಶದಲ್ಲಿ ವ್ಯವಸ್ಥೆಯೇ ಇಲ್ಲವೆಂದಲ್ಲ. 1948ರ ಕಾನೂನಿನಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮಾ ನಿಗಮವು 2018ರ ಜುಲೈ 1ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯನ್ನು ನಡೆಸಿತು. ಮೊದಲಲ್ಲಿ ಸರಾಸರಿ ದಿನಗೂಲಿಯ ಕಾಲು ಭಾಗ ಮಾತ್ರ ದೊರೆಯುತ್ತಿತ್ತು. ಅದನ್ನು ಬೇಡಲು ಕೆಲಸ ಹೋಗಿ 90 ದಿನಗಳು ಕಳೆಯಬೇಕಾಗಿತ್ತು. 2020ರಲ್ಲಿ ಪರಿಹಾರವನ್ನು ಅರ್ಧಕ್ಕೇರಿಸಿ, ಕಾಯುವ ಅವಧಿಯನ್ನು 30 ದಿನಗಳಿಗಿಳಿಸಿದರು. ಆದರೆ ಅದು ಜೀವಮಾನದಲ್ಲಿ ಒಟ್ಟು 90 ದಿನಗಳಿಗೆ ಮಾತ್ರ. ಎರಡು ವರ್ಷಗಳ ವಿಮಾ ಉದ್ಯೋಗ ಇರಬೇಕು. ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ದುರ್ನಡತೆಗಾಗಿ ತೆಗೆಯಲ್ಪಟ್ಟವನಿಗೂ ಸ್ವಇಚ್ಛೆಯಿಂದ ನಿವೃತ್ತನಾದವನಿಗೂ ಅದು ಸಲ್ಲದು. ಈ ಕೊನೆಯ ನಿಬಂಧನೆಯಂತೆ ನೋಡಿದರೆ 1908ರ ವಿಶ್ವೇಶ್ವರಯ್ಯನವರಿಗೂ ಬಾಗಿಲು ಮುಚ್ಚಿದಂತೆಯೇ!

ಹರವೆ ಹೋಬಳಿಯಿಂದ ನಂಜನಗೂಡಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ತರುಣನನ್ನು ನೆನೆಯೋಣ. ಗುತ್ತಿಗೆದಾರನು ವಂತಿಗೆಯನ್ನು ಕಟ್ಟದಿದ್ದರೆ ಅವನ 78 ದಿನಗಳು ಲೆಕ್ಕಕ್ಕೆ ಬರುವುದು ಕಷ್ಟ. ಲೆಕ್ಕ ಸರಿಯಿದ್ದರೂ ಮೊದಲ ತಿಂಗಳು ಬರಿಗೈ. ಅಂಗಡಿಯವನು ಸಾಲ ಕೊಡಲು 30 ದಿನ ಕಾಯುವನೇನೋ, ಹಸಿವು ಕಾಯುವುದಿಲ್ಲ. ಆದುದರಿಂದ ದುಡಿಯುವವನು ತನ್ನ ವಿಮಾ ಸಂಖ್ಯೆಯನ್ನು ಜೋಪಾನವಾಗಿಟ್ಟುಕೊಂಡು, ವಂತಿಗೆ ಸಲ್ಲುತ್ತಿದೆಯೇ ಎಂದು ಆಗಾಗ ವಿಚಾರಿಸತಕ್ಕದ್ದು. ಗಡುವು ಗೊತ್ತುಮಾಡಿ ಆಗಾಗ ವಿಸ್ತರಿಸುವ ಯೋಜನೆಯ ಸ್ಥಾನದಲ್ಲಿ ಸ್ಥಿರವಾದ ಕಾನೂನನ್ನು ತಂದು, ಮೊದಲ ತಿಂಗಳಲ್ಲಿಯೇ ನೆರವು ಕೈಸೇರುವಂತೆ ಮಾಡುವುದು ಆಳುವವರ ಕರ್ತವ್ಯ. ಒಬ್ಬ ಮಹಾಪುರುಷನಿಗೆ ಕೃಪೆಯಿಂದ ದೊರೆತುದು ಸಾಮಾನ್ಯನಿಗೆ ಹಕ್ಕಾಗಿ ದೊರೆತರೆ, ಆ ಮಹನೀಯರ ಸ್ಮರಣೆಗೆ ಅದಕ್ಕಿಂತ ಯೋಗ್ಯವಾದ ಕಾಣಿಕೆ ಬೇರೊಂದಿಲ್ಲ.